ಏಜೆಂಟಿಗೆ ಬರೆದುಕೊಟ್ಟ ಎಂಟು ಹಂತ

ಕೆಲಸದವರು ಹೇಳಿದ್ದು ಬಿಟ್ಟು ಬೇರೆ ಮಾಡಿದರೆ ಬಯ್ಯಬಹುದು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದರೆ ಯಾರಿಗೆ ಬಯ್ಯುವುದು? ಈ ಮಳೆಗಾಲವಿಡೀ ನನ್ನ ಅಂಗಡಿಯಲ್ಲಿ ನಡೆದದ್ದು ಇದೇ.

ಹಂಪನಕಟ್ಟೆಯಲ್ಲಿ ನನ್ನದು ಬಲೆ, ಹಗ್ಗದ ವ್ಯಾಪಾರ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಮೊದಲು ಹಗ್ಗ ಬಂದಿರಬೇಕು. ಒಂದು ದಿನ ತಡವಾದರೂ ಗಿರಾಕಿ ಪಕ್ಕದ ಅಂಗಡಿಗೆ. ಹಗ್ಗದ ಕಂಪನಿಯವರು ಈಗ ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಎಲ್ಲ ವೆಬ್‌ಸೈಟಿನಲ್ಲೇ. ಅದನ್ನು ನೋಡಿಕೊಳ್ಳುತ್ತಿದ್ದ ಕ್ಲಾರ್ಕ್ ದುಬೈಗೆ ಹೋದರು. ಬಲ್ಮಠದಲ್ಲಿ ಕಂಪ್ಯೂಟರ್ ಆಫೀಸಿನಲ್ಲಿರುವ ಅಣ್ಣನ ಮಗಳು ಬಂದು, "ಚಿಕ್ಕಪ್ಪ, ಎಐ ಏಜೆಂಟ್ ಅಂತ ಉಂಟು. ತಾನೇ ಬ್ರೌಸರ್ ತೆರೆದು, ತಾನೇ ಬಟನ್ ಒತ್ತಿ ಆರ್ಡರ್ ಹಾಕ್ತದೆ. ನೀವು ಕೆಲಸ ಹೇಗೆ ಮಾಡ್ತೀರಿ ಅಂತ ಹಂತ ಹಂತವಾಗಿ ಬರೆದುಕೊಡಿ, ಸಾಕು" ಎಂದಳು.

ಎಂಟು ಹಂತ ಬರೆದುಕೊಟ್ಟೆ. ನನ್ನ ತಪ್ಪು ಅಲ್ಲಿಂದಲೇ ಶುರು.

ಕಳೆದ ವರ್ಷದ ಹಾಗೆ

ಮೊದಲನೇ ಹಂತ: "ಕಳೆದ ವರ್ಷದ ಹಾಗೆಯೇ ಹಾಕು." ಅಂಗಡಿಯಲ್ಲಿ ಎಲ್ಲರಿಗೂ ನಾನು ಹೇಳುವುದು ಇಷ್ಟೇ. ಕಳೆದ ವರ್ಷ ಏನು ಹಾಕಿದ್ದಿರಿ ಎಂದು ಏಜೆಂಟ್ ಕೇಳಿತು. ಒಂದೊಂದಾಗಿ ಹೇಳಿದೆ. ಮರುದಿನ ಬೆಳಿಗ್ಗೆ ಪುನಃ ಅದೇ ಪ್ರಶ್ನೆ.

"ನಿನ್ನೆ ಹೇಳಿದ್ದೇನಲ್ಲ!"

"ಬರೆದಿಡದಿದ್ರೆ ಅದಕ್ಕೆ ನಿನ್ನೆ ಅಂತಲೇ ಇಲ್ಲ ಚಿಕ್ಕಪ್ಪ" ಎಂದಳು ಹುಡುಗಿ.

"ಅಷ್ಟು ಮರೆವು ಇರುವವರನ್ನು ನಮ್ಮಲ್ಲಿ ಕೆಲಸಕ್ಕೆ ಇಡುವುದಿಲ್ಲ ಮಾರಾಯ್ತಿ, ಓಟಿಗೆ ನಿಲ್ಲಿಸುವುದು."

ನಾಲ್ಕನೇ ಹಂತ

ಆ ವೆಬ್‌ಸೈಟ್ ತೆರೆಯುವುದರೊಳಗೆ ಊರಿಗೆ ಹೋಗಿ ಬರಬಹುದು. ಆದ್ದರಿಂದ ಬರೆದಿದ್ದೆ: "ಇಲ್ಲಿ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಚಾ ಆಗಲಿ."

ಹನ್ನೊಂದು ಗಂಟೆಗೆ ರೈನ್‌ಕೋಟಿನವರೊಬ್ಬರು ಬೈಕಿನಲ್ಲಿ ಬಂದು ಒಂದು ಚಾ ಕೊಟ್ಟರು. ಅದೂ ಎಲ್ಲಿಯದು? ಎದುರಿನ ಹೋಟೆಲಿನದ್ದು. ಕೈ ತೋರಿಸಿದರೆ ತಂದುಕೊಡುವ ಚಾ ಆನ್‌ಲೈನಿನಲ್ಲಿ ಸುತ್ತು ಹೊಡೆದು ಬಂದಿತ್ತು. ಯಾರು ಹೇಳಿದ್ದೆಂದು ಕಂಪ್ಯೂಟರ್ ನೋಡಿದರೆ ಏಜೆಂಟಿನ ವರದಿ: "ನಾಲ್ಕನೇ ಹಂತದ ಚಾ ತರಿಸಲಾಗಿದೆ. ಕುಡಿಯುವ ಭಾಗ ಬಾಕಿ ಇದೆ. ದಯವಿಟ್ಟು ಕುಡಿದು ತಿಳಿಸಿ."

ಕುಡಿದೆ. ತಿಳಿಸಿದೆ. ಅದು ಐದನೇ ಹಂತಕ್ಕೆ ಹೋಯಿತು.

ಮನುಷ್ಯರು ಬೇಕು

ಐದನೆಯದರಲ್ಲಿ ಏಜೆಂಟ್ ನಿಂತುಬಿಟ್ಟಿತು. ನೀವು ರೋಬೋಟ್ ಅಲ್ಲವೆಂದು ತೋರಿಸಿ, ಬೋಟು ಇರುವ ಚಿತ್ರಗಳನ್ನು ಆರಿಸಿ ಎಂದು ವೆಬ್‌ಸೈಟ್ ಕೇಳುತ್ತಿದೆ, ಇದು ಮನುಷ್ಯರೇ ಮಾಡಬೇಕಾದ ಕೆಲಸ, ಎಂದಿತು. ಸುಳ್ಳು ಹೇಳುವುದಿಲ್ಲ, ಅಷ್ಟು ಒಳ್ಳೆಯದು.

ಆಗ ಅಂಗಡಿಯಲ್ಲಿ ಬೆಂಗ್ರೆಯ ಬೋಟಿನ ಮಾಲೀಕರೊಬ್ಬರಿದ್ದರು. "ಹಗ್ಗ ಬಂತಾ?" ಎಂದು ಕೇಳಲಿಕ್ಕೆ ದಿನ ಬಿಟ್ಟು ದಿನ ಹೊಳೆ ದಾಟಿ ಬರುವವರು. ಬೋಟಿನ ವಿಷಯವಲ್ಲವೇ, ಅವರನ್ನೇ ಕೂರಿಸಿದೆ.

"ಇದು ಬೋಟಾ? ಬಲೆ ಎಳೆಯುವ ಮಿಷನ್ ಎಲ್ಲಿ ಉಂಟು? ಬಿಡಿ ಇದನ್ನು."

ತಪ್ಪು ಎಂದಿತು ವೆಬ್‌ಸೈಟ್.

"ಇದರಲ್ಲಿ ಯಾರಾದ್ರೂ ಮೀನು ಹಿಡಿದ್ರೆ ನಾನು ಮೀಸೆ ಬೋಳಿಸ್ತೇನೆ. ಬಿಡಿ."

ಪುನಃ ತಪ್ಪು. ಕೊನೆಗೆ ಅಣ್ಣನ ಮಗಳು ಬಂದು ನೀರಿನ ಮೇಲೆ ತೇಲುವುದನ್ನೆಲ್ಲ ಒತ್ತಿದಳು, ಬಾಗಿಲು ತೆರೆಯಿತು. ಮೂವತ್ತು ವರ್ಷ ಕಡಲು ಕಂಡವರು ರೋಬೋಟ್, ಈಜಲಿಕ್ಕೂ ಬಾರದ ಹುಡುಗಿ ಮನುಷ್ಯಳು.

ಮುಖ ಸಪ್ಪೆ ಮಾಡಿ ಹೊರಡು

ಬೋಟು ಇಳಿಯಲಿಕ್ಕೆ ನಾಲ್ಕು ದಿನ ಉಂಟು. ಹಗ್ಗದ ಸುದ್ದಿಯಿಲ್ಲ. ಅಣ್ಣನ ಮಗಳು ನನ್ನ ಏಳನೇ ಹಂತ ಓದಿ ತಲೆಯ ಮೇಲೆ ಕೈ ಹೊತ್ತಳು. ನಾನು ಬರೆದಿದ್ದೆ: "ದರ ನೋಡಿದ ಕೂಡಲೇ ಒಪ್ಪಬೇಡ. ಮುಖ ಸಪ್ಪೆ ಮಾಡಿ ಹೊರಡು. ಕರೆಯುತ್ತಾರೆ."

ಏಜೆಂಟ್ ಹಗ್ಗವನ್ನೆಲ್ಲ ಆರಿಸುವುದು, ದರ ನೋಡುವುದು, ಹೊರಗೆ ಬರುವುದು. ಸ್ವಲ್ಪ ಹೊತ್ತು ಬಿಟ್ಟು ಪುನಃ ಹೋಗುವುದು, ಪುನಃ ಬರುವುದು. ಎರಡು ದಿನದಿಂದ ಇದೇ!

"ಚಿಕ್ಕಪ್ಪ, ಅದು ವೆಬ್‌ಸೈಟ್! ಹೊರಟವರನ್ನು ಅದು ಎಲ್ಲಿಂದ ಕರೆಯುವುದು? ನಿಮ್ಮ ಹಗ್ಗ ಇನ್ನು ಮುಂದಿನ ವರ್ಷಕ್ಕೆ!"

ಅಂದೂ ಬಂದು ಕೂತಿದ್ದ ಬೆಂಗ್ರೆಯವರು ಎದ್ದರು. "ಹಾಗಾದ್ರೆ ನಾನು ಪಕ್ಕದಲ್ಲಿ ಒಮ್ಮೆ ಕೇಳಿ ಬರ್ತೇನೆ."

ಅವರು ಮೆಟ್ಟಿಲು ಇಳಿಯುವ ಮೊದಲು ಫೋನ್ ಬಂತು. ಫೋನಿನಲ್ಲಿ ವ್ಯವಹಾರವೇ ಇಲ್ಲ ಎಂದಿದ್ದ ಕಂಪನಿಯ ಮ್ಯಾನೇಜರು. ಸ್ಪೀಕರ್ ಹಾಕಿದೆ.

"ಯಜಮಾನ್ರೇ, ನಮ್ಮ ವೆಬ್‌ಸೈಟಿಗೆ ನಿಮ್ಮ ಕಡೆಯಿಂದ ಬರುವುದು ಯಾರು ಅದು? ಎರಡು ದಿನದಿಂದ ನಲವತ್ತು ಸಲ ಬಂದು, ದರ ನೋಡಿ, ಒಂದು ಮಾತಾಡದೆ ಹೋಗ್ತಿದ್ದಾರೆ. ನಮ್ಮವರಿಗೆ ತಲೆ ಕೆಟ್ಟುಹೋಯ್ತು. ಕೊನೆಯ ದರ ಹಾಕಿಕೊಡ್ತೇನೆ, ಲಾರಿ ಇವತ್ತೇ ಹೊರಡ್ತದೆ, ನಾಡಿದ್ದು ಹಗ್ಗ ನಿಮ್ಮ ಅಂಗಡಿಯಲ್ಲಿ. ಅವರನ್ನು ಮಾತ್ರ ಇನ್ನು ಕಳಿಸಬೇಡಿ."

ನಾನು ಅಣ್ಣನ ಮಗಳ ಮುಖ ನೋಡಿದೆ. ಬೆಂಗ್ರೆಯವರು ಮೆಟ್ಟಿಲಿನಿಂದಲೇ ತಿರುಗಿ ಬಂದು ಕೂತರು.

ಮ್ಯಾನೇಜರು ದನಿ ತಗ್ಗಿಸಿದರು. "ಇನ್ನೊಂದು ವಿಷಯ. ನಮ್ಮ ಖರೀದಿ ವಿಭಾಗಕ್ಕೆ ಇಷ್ಟು ಗಟ್ಟಿ ಜನ ಸಿಗುವುದಿಲ್ಲ. ಅವರನ್ನು ನಮಗೆ ಬಿಟ್ಟುಕೊಡ್ತೀರಾ?"

"ಧಾರಾಳವಾಗಿ ಕರೆದುಕೊಂಡು ಹೋಗಿ ಮಾರಾಯ್ರೇ" ಎಂದೆ. "ಆದರೆ ಅವರ ಚಾ ನೀವೇ ಕುಡಿಯಬೇಕಾಗ್ತದೆ."