ಸಭೆಗೆ ಮೊದಲೇ ಮುಗಿದ ಸಭೆ

ಎಲ್ಲ ಎಡವಟ್ಟಿಗೂ ಕಾರಣ ಪಕ್ಕದ ಮನೆಯ ಅಜ್ಜಿಯ ಬಿಳಿ ಹೊದಿಕೆ. ಬೆಳಿಗ್ಗೆ ಆಫೀಸಿಗೆ ಹೊರಟಿದ್ದ ನಡಾವಳಿಯಪ್ಪನನ್ನು ಆಕೆ ಮೆಟ್ಟಿಲಲ್ಲೇ ಅಡ್ಡಗಟ್ಟಿ, ಅದನ್ನು ಅವನ ಮೂಗಿಗೇ ಹಿಡಿದಳು.

“ಒಗೆದು ಒಂದು ಗಂಟೆ ಆಗಿಲ್ಲ, ಇಲಿ ಬಣ್ಣಕ್ಕೆ ಬಂತು ನೋಡು! ನಿಮ್ಮ ಕಂಪನಿಯೋರು ಆ ಹೊಗೆ ಯಾವಾಗಪ್ಪಾ ನಿಲ್ಸೋದು?”

“ನಂದೇನಿದೆ ಅಜ್ಜಿ? ಆಡಳಿತ ಮಂಡಳಿಯೋರು ಮನಸ್ಸು ಮಾಡ್ಬೇಕು. ಅವರು ಬರೀ ಮುಂದಕ್ಕೆ ಹಾಕ್ತಾರೆ.”

ಆಫೀಸು ಮುಟ್ಟುವಷ್ಟರಲ್ಲಿ ಹೊತ್ತಾಗಿತ್ತು. ಕಪಾಟಿನಲ್ಲಿದ್ದ ಎರಡು ಕಟ್ಟುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಓಡಿದವನೇ ನಿರ್ದೇಶಕರ ಮುಂದೆ ಒಂದೊಂದು ಪ್ರತಿ ಇಟ್ಟ. ಇಡಬೇಕಾಗಿದ್ದದ್ದು ಕಾರ್ಯಸೂಚಿ. ಇಟ್ಟದ್ದು ನಡಾವಳಿ, ಅದೂ ಇನ್ನೂ ನಡೆಯದ ಸಭೆಯದು!

ಮಂಡಳಿಯ ಮಾತುಕತೆಯನ್ನು ಬರೆದಿಡುವ ಗುಮಾಸ್ತ ಅವನು. ಹೆಸರು ಬಂದದ್ದೂ ಅದರಿಂದಲೇ. ನಿರ್ದೇಶಕರು ಆಡಿದ್ದನ್ನೇ ಆಡುವವರಾದ್ದರಿಂದ ಹಿಂದಿನ ದಿನವೇ ಎಲ್ಲ ಬರೆದಿಟ್ಟು, ಸಭೆಯಲ್ಲಿ ಸುಮ್ಮನೆ ಪೆನ್ನು ಆಡಿಸುತ್ತಿದ್ದ.

ಅಧ್ಯಕ್ಷರು ಓದತೊಡಗಿದರು: “‘ಕಲ್ಲಿದ್ದಲಿನ ಬಾಯ್ಲರ್ ಮುಚ್ಚಿ ಬಿಸಿಲಿನ ವಿದ್ಯುತ್ತಿಗೆ ಬದಲಾಗುವ ವಿಷಯ. ಅಧ್ಯಕ್ಷರು ತೀವ್ರ ಕಳಕಳಿ ವ್ಯಕ್ತಪಡಿಸಿದರು.’ ಎಲಾ! ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲಯ್ಯ?”

“ನಾನು ಮೊನಚಾದ ಪ್ರಶ್ನೆ ಕೇಳಿದೆ ಅಂತಿದೆ. ಯಾವ ಪ್ರಶ್ನೆ? ಹೇಳಿದ್ರೆ ಕೇಳಿಬಿಡ್ತೀನಿ,” ಎಂದರು ಸಿಮೆಂಟು ವ್ಯಾಪಾರಿ.

“ನಂದು ಬರೀ ‘ಸಮ್ಮತಿಸಿದರು’! ಇಷ್ಟೇನಾ ನನ್ನ ಬೆಲೆ?” ನಿವೃತ್ತ ಬ್ಯಾಂಕ್ ಮ್ಯಾನೇಜರು ಸಿಡುಕಿದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ನಡಾವಳಿಯಪ್ಪನಿಗೆ. ಕೆಲಸ ಹೋಯಿತೆಂದೇ ಲೆಕ್ಕ. ಹೆಂಡತಿಗೆ ಯಾವ ಮುಖ ತೋರಿಸುವುದು?

ಹೊಸದಾಗಿ ಮಂಡಳಿಗೆ ಬಂದಿದ್ದ ಇಂಜಿನಿಯರಮ್ಮ ಮಾತ್ರ ನಗಲಿಲ್ಲ, ಸಿಡುಕಲಿಲ್ಲ. “ನಾನು ‘ಮೌನವಾಗಿದ್ದರು’ ಅಂತ ಬರೆದಿದ್ದೀರಿ. ಆಗಲ್ಲ. ಹಳೇ ನಡಾವಳಿ ತನ್ನಿ.”

ತಂದ. ಏಳು ಸಭೆಯದೂ ಅಚ್ಚು ಒತ್ತಿದ ಹಾಗೆ ಒಂದೇ. ಕೊನೆಯ ಸಾಲು: ‘ಮುಂದಿನ ಸಭೆಗೆ ಮುಂದೂಡಲಾಯಿತು.’

“ಮೊದಲ ಸಲ ಮುಂದೂಡಿ ಅಂದೋರು ಯಾರು?”

ಅಧ್ಯಕ್ಷರು ಸಿಮೆಂಟಿನವರನ್ನು ನೋಡಿದರು. “ನಾನಲ್ಲಪ್ಪ! ನೀವು ಅಂದಿರಿ ಅಂದ್ಕೊಂಡು ಸಹಿ ಹಾಕ್ದೆ,” ಎಂದರು ಅವರು. ಬ್ಯಾಂಕಿನವರೂ ತಾವಲ್ಲವೆಂದು ತಲೆಯಾಡಿಸಿದರು. ಎಲ್ಲರ ಕಣ್ಣೂ ನಡಾವಳಿಯಪ್ಪ ಕೂತಿದ್ದ ಮೂಲೆಯ ಕುರ್ಚಿಯತ್ತ ತಿರುಗಿದವು.

“ಅವತ್ತು ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕಿತ್ತು, ಮೇಡಂ. ದವಡೆ ಹಲ್ಲು. ಚರ್ಚೆ ಎಳೆಯತ್ತೆ ಅಂತ ನಾನೇ ‘ಮುಂದೂಡಲಾಯಿತು’ ಅಂತ ಬರೆದು ಸಹಿಗೆ ಕೊಟ್ಬಿಟ್ಟೆ. ಆಮೇಲೆ ಅದನ್ನೇ ನಕಲು ಮಾಡ್ತಾ ಹೋದೆ.”

ಅವನ ಒಂದು ಹಲ್ಲಿಗಾಗಿ ಊರಿಗೆ ಊರೇ ಎರಡು ವರ್ಷ ಹೊಗೆ ಕುಡಿದಿತ್ತು. ನಾಚಿಕೆಯಿಂದ ಅವನು ತಲೆ ಎತ್ತಲಿಲ್ಲ.

“ಹಾಗಾದ್ರೆ ತಪ್ಪು ನಮ್ದಲ್ಲ!” ಅಧ್ಯಕ್ಷರ ಮುಖ ಅರಳಿತು. ಊಟ ಬಂದಿದೆಯೆಂದು ಯಾರೋ ಬಾಗಿಲಲ್ಲಿ ಇಣುಕಿದ್ದೇ ಕುರ್ಚಿಗಳು ಕಿರ್ರೆಂದವು.

“ನನ್ನ ಸೂಚನೆ: ಈ ವರ್ಷವೇ ಬಾಯ್ಲರ್ ಮುಚ್ಚಬೇಕು,” ಎಂದರು ಇಂಜಿನಿಯರಮ್ಮ ಗಟ್ಟಿಯಾಗಿ.

“ಆಯ್ತಾಯ್ತು, ಬರೆದು ಬೇಗ ತಾರಯ್ಯ,” ಎಂದರು ಅಧ್ಯಕ್ಷರು.

ಅವನು ಹಳೇ ಸಾಲು ಹೊಡೆದು ಹೊಸದನ್ನು ಬರೆದ. ಅಧ್ಯಕ್ಷರು ನಿಂತೇ ಸಹಿ ಹಾಕಿದರು, ಓದಲಿಲ್ಲ. ಸಿಮೆಂಟಿನವರೂ ಓದಲಿಲ್ಲ. ಬ್ಯಾಂಕಿನವರಂತೂ ಅವರ ಬೆನ್ನ ಮೇಲೇ ಕಾಗದವಿಟ್ಟು ಗೀಚಿದರು.

“ಮೊದಲ ಸಲಾನೂ ಹೀಗೇನಾ?” ಇಂಜಿನಿಯರಮ್ಮ ಮೆಲ್ಲಗೆ ಕೇಳಿದರು. “ಅಂದ್ರೆ ಅವತ್ತೇ ನೀವು ‘ಮುಚ್ಚಿ’ ಅಂತ ಬರೆದಿದ್ರೆ...”

“ಹಲ್ಲು ನೋಯ್ತಿತ್ತು, ಮೇಡಂ,” ಎಂದ, ತನಗೇ ಕೇಳಿಸದಷ್ಟು ಸಣ್ಣಗೆ.

ಬಾಗಿಲವರೆಗೆ ಹೋಗಿದ್ದ ಅಧ್ಯಕ್ಷರು ತಿರುಗಿದರು. “ನಿನ್ನನ್ನ ಅಮಾನತು ಮಾಡ್ಬೇಕಲ್ಲಯ್ಯ. ಆ ಆದೇಶಾನೂ ನೀನೇ ಬರೆದು ತಾ, ಸಹಿ ಹಾಕ್ತೀನಿ.”

ಬರೆಯಲು ಕೂತವನ ತಲೆಯಲ್ಲಿ ಮಿಂಚು ಹೊಳೆಯಿತು. ಇವರು ಓದುವವರಲ್ಲವಲ್ಲ! ‘ಎಚ್ಚರಿಕೆ ನೀಡಿ ಕ್ಷಮಿಸಲಾಗಿದೆ’ ಎಂದು ದುಂಡಗೆ ಬರೆದು, ತಲೆ ತಗ್ಗಿಸಿ ಊಟದ ಮೇಜಿನ ಮೇಲಿಟ್ಟ.

ಅಧ್ಯಕ್ಷರು ಕೈ ಒರೆಸಿಕೊಂಡು, ಜೇಬಿನಿಂದ ಕನ್ನಡಕ ತೆಗೆದು, ಸಹಿ ಹಾಕುವ ಮುನ್ನ ಕಾಗದ ಓದುವ ಕೆಲಸವನ್ನು ಜೀವಮಾನದಲ್ಲಿ ಮೊದಲ ಸಲ ಮಾಡಿದರು. ಅದೂ ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ.