ಮಾಮಾ ಹಚ್ಚಿದ ನೀಲಿ

ನನ್ನ ಸೋದರಮಾವ ನನ್ನ ಮನೆಗೆ ಬಂದರೆ ಮೊದಲು ಕಾರನ್ನು ಮಾತನಾಡಿಸುತ್ತಾನೆ. ಅದರ ಕ್ಷೇಮಸಮಾಚಾರವೆಲ್ಲ ಮುಗಿದು ಸಮಯ ಉಳಿದರೆ ನನ್ನದು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿರಾ? ಅವನನ್ನು ಬಲ್ಲ ನೆಂಟರನ್ನು ಕೇಳಿ ನೋಡಿ. ನಾನು ಸ್ವಲ್ಪ ಕಡಿಮೆಯೇ ಹೇಳಿದ್ದೇನೆ ಎನ್ನುತ್ತಾರೆ.

ಮಾಮಾ ಬೆಟಗೇರಿಯ ನೇಕಾರರ ಓಣಿಯವನು. ನೇಯ್ದವನಲ್ಲ, ನೂಲಿಗೆ ಬಣ್ಣ ಹಾಕಿದವನು. ನಲವತ್ತು ವರ್ಷ ಕುದಿಯುವ ಹಂಡೆಯ ಮುಂದೆ ನಿಂತು ಸೀರೆಯ ನೂಲಿಗೆ ಬಣ್ಣ ಕೊಟ್ಟ. ಈಗ ಹಂಡೆ ಆರಿ ಕೆಲವು ವರ್ಷವಾಯಿತು. ಅತ್ತೆಯೂ ಹೋದಳು, ಮಕ್ಕಳಿಲ್ಲ. ಅವನ ಕಣ್ಣು ಮಾತ್ರ ಮಾಡಲಿಕ್ಕೆ ಏನಾದರೂ ಕೆಲಸವಿದೆಯೇ ಎಂದು ಹುಡುಕುತ್ತಲೇ ಇತ್ತು. ಸಿಕ್ಕಿದ್ದು ನನ್ನ ಕಾರು.

ನಾನು ಗದುಗಿನ ಹೊಸ ಬಡಾವಣೆಯೊಂದರಲ್ಲಿ ಒಬ್ಬಳೇ ಇದ್ದೇನೆ. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಓಡಾಡಲು ಕಳೆದ ವರ್ಷ ಹಳೆಯ ನೀಲಿ ಕಾರೊಂದನ್ನು ಕೊಂಡೆ. ಹಿಂದಿನ ಮಾಲೀಕರು ಅದರ ಮೈತುಂಬ ಗೀರುಗಳನ್ನು ಬಿಟ್ಟುಹೋಗಿದ್ದರು. ನಾನೂ ನನ್ನ ಪಾಲು ಸೇರಿಸಿದೆ. ಕಾರು ನೋಡಲು ಬಂದ ಮಾಮಾ ಮನೆಯೊಳಗೂ ಬರದೆ ಬಾನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಇದೇನಲೇ, ಮೈಯೆಲ್ಲಾ ಕೆತ್ತಿ ಹೋಗೇತಿ?"

"ಸಣ್ಣ ಬಾಟಲಿ ಸಿಗತೈತಿ ಮಾಮಾ. ಬಣ್ಣದ ನಂಬರ್ ಬಾಗಲದ ಹಂತ್ಯಾಕ ಬರದಿರತೈತಿ. ಅದನ್ನ ಹೇಳಿದ್ರ ಆತು."

ಅವನು ನನ್ನನ್ನು ನೋಡಿದ ರೀತಿಗೆ, ನಾನು ಎಂ.ಎ. ಓದಿದ್ದೆಲ್ಲ ಅಲ್ಲೇ ರದ್ದಾಯಿತು.

"ಬಣ್ಣಕ್ಕ ನಂಬರ್ ಏನಲೇ ಹುಚ್ಚಿ? ಬಣ್ಣಕ್ಕ ಕಣ್ಣು ಬೇಕು."

ಮುಂದಿನ ವಾರದಿಂದ ಪ್ರತಿ ಭಾನುವಾರ, ಅವನ ಬಾಯಲ್ಲಿ ಐತವಾರ, ಬೆಳಿಗ್ಗೆ ಏಳಕ್ಕೆ ಮಾಮಾ ಹಾಜರಾದ. ಹೆಗಲಿಗೆ ಚೀಲ. ಚೀಲದಲ್ಲಿ ಪಾಲಿಶ್ ಪೇಪರು, ಹಳೆಯ ಸೀರೆಯ ತುಂಡು, ಒಂದು ಕಡ್ಡಿಪೆಟ್ಟಿಗೆ. ಕಡ್ಡಿಪೆಟ್ಟಿಗೆ ಏಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ವಾರ ಅವನು ಏನೂ ಮಾಡಲಿಲ್ಲ, ಬರೀ ನೋಡಿದ. ನೋಡಿ ಹೋದ. ಮರುದಿನ ಬೆಳಿಗ್ಗೆ ನಾನು ಪೆಟ್ರೋಲ್ ಹಾಕಿಸಲು ನಿಂತಾಗ ಪಂಪಿನವನು ಕಾರಿನ ಹಿಂಭಾಗವನ್ನೇ ದಿಟ್ಟಿಸುತ್ತ ನಿಂತುಬಿಟ್ಟ.

"ಮೇಡಂ, ಟ್ಯಾಂಕಿನ ಹೊರಗಿನ ಮುಚ್ಚಳ ಎಲ್ಲೈತ್ರಿ?"

ನಾನು ಇಳಿದು ನೋಡಿದೆ. ಮುಚ್ಚಳವಿದ್ದ ಜಾಗದಲ್ಲಿ ಎರಡು ತೂತುಗಳಿದ್ದವು. ಮಾಮಾನಿಗೆ ಫೋನ್ ಮಾಡಿದೆ.

"ನನ್ನ ಚೀಲದಾಗೈತಿ," ಎಂದ ಶಾಂತವಾಗಿ. "ಬಣ್ಣದಂಗಡ್ಯಾಗ ಕುಂತೀನಿ. ಹೊಂದಿಸಿ ನೋಡಬೇಕಲ್ಲ? ಇಡೀ ಗಾಡಿ ಹೊತಗೊಂಡು ಬರಾಕ ಆಗತೈತೇನು?"

"ಒಂದು ಮಾತು ಹೇಳಬೇಕಿತ್ತಲ್ಲ ಮಾಮಾ."

"ಹೇಳಿದ್ರ ನೀ ಕೊಡತಿದ್ದಿಲ್ಲ."

ಅಂಗಡಿಯವನು ಅವನಿಗಾಗಿ ಏಳು ನೀಲಿ ಕಲಸಿದನಂತೆ. ಒಂದಕ್ಕೆ ಹಸಿರಿನ ವಾಸನೆ, ಇನ್ನೊಂದಕ್ಕೆ ಬೂದಿಯ ಗುಣ, ಹೀಗೆ ಏಳಕ್ಕೂ ಏಳು ದೋಷ. ಎಂಟನೆಯದಕ್ಕೆ ಅಂಗಡಿಯವನು, "ಕಾಕಾರ, ನೀವ ಒಳಗ ಬಂದು ಕಲಸ್ರಿ," ಎಂದು ಎದ್ದು ಚಹಾಕ್ಕೆ ಹೋದ. ಮಾಮಾ ಇದನ್ನು ತನಗೆ ಮಾಡಿದ ಸನ್ಮಾನವೆಂದೇ ಈವತ್ತಿಗೂ ಹೇಳಿಕೊಳ್ಳುತ್ತಾನೆ.

ಮುಚ್ಚಳ ಮರಳಿ ಕೂತು ಕೆಲಸ ಶುರುವಾದಾಗ ಕಡ್ಡಿಪೆಟ್ಟಿಗೆಯ ಗುಟ್ಟು ತಿಳಿಯಿತು. ಕುಂಚ ನಿಷಿದ್ಧ. ಸಾಬೂನು ನೀರಿನಲ್ಲಿ ತೊಳೆದು, ಒರೆಸಿ, ಏಟಿನ ಅಂಚನ್ನಷ್ಟೇ ಒದ್ದೆ ಪೇಪರಿನಿಂದ ಉಜ್ಜಿ, ಪ್ರೈಮರ್ ಹಾಕಿ, ಅದು ಒಣಗಿದ ಮೇಲೆ ಕಡ್ಡಿಯ ತುದಿಯಿಂದ ಬಣ್ಣವನ್ನು ಒಂದೊಂದೇ ಹನಿ ಇಳಿಸುತ್ತಿದ್ದ. "ತುಂಬಬೇಕು, ಬಳೀಬಾರದು," ಎನ್ನುತ್ತಿದ್ದ. ಸಾಸಿವೆ ಕಾಳಿನಷ್ಟು ಗಾಯಕ್ಕೆ ಅರ್ಧ ಗಂಟೆ. ನಾನು ಬಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಉಸಿರು ಜೋರಾಗಿ ಬಿಟ್ಟರೂ ಬೈಗುಳ.

ಎರಡು ತಿಂಗಳಲ್ಲಿ ಬಾನೆಟ್ಟು ಮುಗಿಯಿತು. ಆದರೆ ಹಚ್ಚಿದಲ್ಲೆಲ್ಲ ಕಾರಿನ ನೀಲಿಗಿಂತ ಎರಡು ಪಟ್ಟು ಗಾಢವಾದ ಚುಕ್ಕೆಗಳು! ನಾನು ಮೆಲ್ಲಗೆ ಹೇಳಿದೆ.

"ಇನ್ನೂ ಆರಿಲ್ಲ. ತಡಿ."

ಮುಂದಿನ ಭಾನುವಾರವೂ "ತಡಿ." ಅದರ ಮುಂದಿನ ಭಾನುವಾರವೂ. ಅಷ್ಟರಲ್ಲಿ ಕಾಲೇಜಿನ ಕಾವಲುಗಾರ, "ಮೇಡಂ, ಗಾಡಿಗಿ ಸಿಡುಬು ಎದ್ದೈತೇನ್ರಿ?" ಎಂದು ಬಹಳ ಕಳಕಳಿಯಿಂದ ವಿಚಾರಿಸಿದ್ದ.

ಆದದ್ದಿಷ್ಟೆ. ಹಂಡೆಯಿಂದ ತೆಗೆದ ಒದ್ದೆ ನೂಲು ಕಡುವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಅದಕ್ಕೇ ಬಣ್ಣ ಹಾಕುವವರು ಬೇಕಾದದ್ದಕ್ಕಿಂತ ಒಂದಿಷ್ಟು ಗಾಢವಾಗಿಯೇ ಕಲಸುತ್ತಾರೆ. ಮಾಮಾನ ಕೈ ಅಂಗಡಿಯಲ್ಲೂ ಅದನ್ನೇ ಮಾಡಿತ್ತು. ತಗಡಿನ ಮೇಲಿನ ಬಣ್ಣಕ್ಕೆ ತಿಳಿಯಾಗುವ ಅಭ್ಯಾಸವಿಲ್ಲ. ಅದು ಒಣಗಿದರೆ ಇನ್ನಷ್ಟು ಕಡುವಾಗುತ್ತದೆ.

ಇದು ಹೊಳೆದ ದಿನ ಮಾಮಾ ಬಾನೆಟ್ಟಿನ ಚುಕ್ಕೆಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ನೋಡಿದ. ಆಮೇಲೆ, "ನೂಲು ಹೇಳಿದ ಮಾತು ಕೇಳತೈತಿ. ಈ ತಗಡು ಹಠಮಾರಿ," ಎಂದು ತೀರ್ಪು ಕೊಟ್ಟು ಎಲ್ಲ ಚುಕ್ಕೆಗಳನ್ನೂ ತಾನೇ ಉಜ್ಜಿ ತೆಗೆದ. ಮತ್ತೆ ಮೊದಲಿನಿಂದ.

ನನಗೆ ಬೇಸರವಾಗಬೇಕಿತ್ತಲ್ಲವೇ? ಆಗಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಡುವಾಗ ನಾನು ನಗುತ್ತಿದ್ದೆ.

ವಾರವಿಡೀ ನಾನು ತರಗತಿಯಲ್ಲಿ ಮಾತನಾಡುತ್ತೇನೆ. ಸಂಜೆ ಬೀಗ ತೆಗೆದು ಒಳಗೆ ಬಂದ ಮೇಲೆ ಮರುದಿನ ಬೆಳಿಗ್ಗೆಯವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಆ ಮನೆಗೆ ಬರುವವನು ಮಾಮಾ ಒಬ್ಬನೇ. ಅವನು ಬರತೊಡಗಿದ ಮೇಲೆಯೇ ನಾನು ಚಹಾದ ಎರಡನೆಯ ಕಪ್ಪು ಕೊಂಡದ್ದು. "ಹೆಂಗದಿ?" ಎಂದು ಅವನು ಎಂದೂ ಕೇಳಲಿಲ್ಲ. ಕೇಳಿದ್ದರೂ ನಾನು "ಆರಾಮ" ಎಂದು ಮುಗಿಸುತ್ತಿದ್ದೆ. ಅವನು ನನ್ನ ಪಾಲಿನ ಪ್ರತಿ ಗೀರಿನ ಮೇಲೆ ಬೆರಳಿಟ್ಟು, "ಇದು ಎಲ್ಲಿ ಆತು?" ಎನ್ನುತ್ತಿದ್ದ. ಶಿಗ್ಲಿ ಹತ್ತಿರ ಎಮ್ಮೆಯೊಂದು ಕೋಡು ಸವರಿಕೊಂಡು ಹೋದದ್ದು, ಮುಂದಿನ ಟ್ರ್ಯಾಕ್ಟರಿನ ಗಾಲಿಯಿಂದ ಹರಳು ಸಿಡಿದದ್ದು, ಪರೀಕ್ಷೆಯ ದಿನ ಅವಸರದಲ್ಲಿ ಗೇಟಿಗೆ ತಾಗಿ ಗೀರಿದ್ದು, ಎಲ್ಲ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಆ ದಿನ ಯಾರು ಏನಂದರು, ನನಗೆ ಏಕೆ ಅಳು ಬಂದಿತ್ತು ಎಂಬುದೂ ಹೊರಗೆ ಬಂದುಬಿಡುತ್ತಿತ್ತು. ಅವನು ಕಡ್ಡಿಯ ತುದಿಯಿಂದ ಕಣ್ಣು ತೆಗೆಯದೆ "ಹೂಂ" ಎನ್ನುತ್ತಿದ್ದ.

ಆದರೆ ಗೀರುಗಳು ಮುಗಿಯುವಂಥವು. ಒಂದು ಭಾನುವಾರ ಮಾಮಾ ಕೊನೆಯದನ್ನೂ ತುಂಬಿ, ಬಟ್ಟೆಯಿಂದ ತಿಕ್ಕಿ, ಹಿಂದೆ ಸರಿದು ನೋಡಿ, "ಆತು," ಎಂದ. ಚೀಲ ಕಟ್ಟಿದ. ಮುಂದಿನ ವಾರದ ಮಾತು ಎತ್ತಲಿಲ್ಲ. ಸುಮ್ಮನೆ ಬರುತ್ತಿರು ಎಂದು ನಾನು ಹೇಳಬಹುದಿತ್ತು. ಗೇಟಿನವರೆಗೆ ಅದನ್ನು ಬಾಯಲ್ಲಿಟ್ಟುಕೊಂಡೇ ನಡೆದೆ. ಗೇಟು ಬಂತು, ಮಾಮಾ ಹೋದ.

ಮುಂದಿನ ಭಾನುವಾರ ಏಳಕ್ಕೆ ಇಬ್ಬರಿಗೆ ಚಹಾ ಇಟ್ಟೆ. ಒಂಬತ್ತಕ್ಕೆ ಒಂದು ಕಪ್ಪು ಚೆಲ್ಲಿದೆ. ಅದರ ಮುಂದಿನ ಭಾನುವಾರವೂ ಅಷ್ಟೇ. ಮೂರನೆಯ ಭಾನುವಾರ ಕಾರು ತೆಗೆದುಕೊಂಡು ಬೆಟಗೇರಿಗೆ ಹೋದೆ.

ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲಿಗೋ ಹೊರಟವನ ಹಾಗೆ. ನನ್ನನ್ನು ಕಂಡು ಎದ್ದು ನಿಂತ.

"ಏನಾತಲೇ ಗಾಡಿಗಿ?"

"ಏನೂ ಆಗಿಲ್ಲ ಮಾಮಾ."

"ಮತ್ತ ಯಾಕ ಬಂದಿ?"

"ಸುಮ್ಮನ."

ಅವನು ನಂಬಲಿಲ್ಲ. ಅಥವಾ ನಂಬಿ ಏನು ಮಾಡಬೇಕೆಂದು ತಿಳಿಯಲಿಲ್ಲವೇನೋ. ಕಾರಿನ ಸುತ್ತ ಒಂದು ಸುತ್ತು ಬಂದ. ಇನ್ನೊಂದು ಸುತ್ತು, ಅಂಗೈ ಸವರುತ್ತ. ಕೊನೆಗೆ ಹಿಂದಿನ ಬಾಗಿಲ ಬಳಿ ಕುಳಿತು ಬೆರಳಿಟ್ಟ.

"ಇಲ್ಲೊಂದು ಉಳದೈತಿ ನೋಡು."

ನಾನು ಪಕ್ಕದಲ್ಲಿ ಬಗ್ಗಿ ನೋಡಿದೆ. ಅವನ ಬೆರಳ ಸುತ್ತ ನುಣ್ಣನೆಯ ನೀಲಿ. ಅದರಲ್ಲಿ ನಮ್ಮಿಬ್ಬರ ಮುಖಗಳು ಕಾಣುತ್ತಿದ್ದವು. ಬೇರೇನೂ ಇರಲಿಲ್ಲ.

"ಹೌದು ಮಾಮಾ," ಎಂದೆ. "ದೊಡ್ಡದೈತಿ."

"ಹೂಂ. ಭಾಳ ಐತವಾರ ಹಿಡಿತೈತಿ," ಎಂದ ಮಾಮಾ, ಬೆರಳು ತೆಗೆಯದೆ.