ಎರಡು ಕಡ್ಡಿ, ಒಂದು ಉಂಗುರ

ಎರಡು ಕಡ್ಡಿ ಹಿಡಿದು ಉಣ್ಣುವುದು ಅಂಥ ಘನಂದಾರಿ ವಿದ್ಯೆಯೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಇದು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಕಾಳುಕಡಿಯ ವ್ಯಾಪಾರ ಮಾಡಿದ ಕೈ. ಕಣ್ಣು ಮುಚ್ಚಿ ಚೀಲದೊಳಗೆ ಇಳಿಬಿಟ್ಟರೆ ಕಡಲೆ ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲ ಕೈ. ಹೀಗಾಗಿ ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜ ವಿಯೆಟ್ನಾಂ ಪ್ರವಾಸ ಮುಗಿಸಿ ಬಂದು, ಒಂದು ಜೊತೆ ಚಾಪ್‌ಸ್ಟಿಕ್ ನನ್ನ ಮುಂದಿಟ್ಟು, "ಮಾಮಾರ, ಇದು ನಿಮ್ಮ ಕೈಲೆ ಆಗೂದಲ್ಲ ಬಿಡ್ರಿ" ಎಂದಾಗ ನಾನು ನಕ್ಕುಬಿಟ್ಟೆ.

ಅವನು ನಗಲಿಲ್ಲ. "ಬೋಗಾಣ್ಯಾಗಿನ ಉಂಗುರಾನ ಸಿಗಲಿಲ್ಲ ನಿಮಗ" ಎಂದ.

ಗಾಯಕ್ಕೆ ಉಪ್ಪು ಸುರಿದಂತಾಯಿತು. ನಮ್ಮ ಮದುವೆ ಮುಗಿದ ಮೇಲೆ ಅರಿಶಿನ ನೀರಿನ ಬೋಗುಣಿಯಲ್ಲಿ ಉಂಗುರ ಹಾಕಿ ಗಂಡು-ಹೆಣ್ಣಿನಿಂದ ಹುಡುಕಿಸಿದ್ದರು. ಮೂರು ಸಲ ಹಾಕಿದರು. ಮೂರು ಸಲವೂ ಗಿರಿಜೆಯೇ ತೆಗೆದಳು. ನನ್ನ ಕೈಗೆ ಸಿಕ್ಕಿದ್ದು ಒಂದು ಅಡಿಕೆ ಚೂರು! ಅದು ಬೋಗುಣಿಯೊಳಗೆ ಹೇಗೆ ಬಿತ್ತೋ ದೇವರಿಗೇ ಗೊತ್ತು. ಅಂದಿನಿಂದ ಉಪ್ಪಿನಬೆಟಗೇರಿಯ ಮಾವನ ಮನೆಯಲ್ಲಿ ಕೀಲಿಕೈ ಕಳೆದರೂ, ಕನ್ನಡಕ ಕಳೆದರೂ, ಅಳಿಯನಿಗೆ ಮಾತ್ರ ಹುಡುಕಲು ಹೇಳಬೇಡಿ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ನಾನು ತಲೆ ತಗ್ಗಿಸಿಯೇ ಹೋಳಿಗೆ ತಿನ್ನುತ್ತಿದ್ದೇನೆ.

ಇನ್ನು ಸಾಕು ಅನ್ನಿಸಿತು. ಎರಡು ವಾರ ಬಿಟ್ಟು ಬರುವ ಭಾನುವಾರ ಎಲ್ಲರೂ ಅಲ್ಲಿ ಊಟಕ್ಕೆ ಸೇರುವವರಿದ್ದೆವು. ಅಂದು ಪೂರ್ತಿ ಊಟವನ್ನು ಕಡ್ಡಿಯಲ್ಲೇ ಮಾಡುತ್ತೇನೆ, ಒಂದು ಅಗುಳೂ ಕೈಯಿಂದ ಮುಟ್ಟುವುದಿಲ್ಲ ಎಂದು ಘೋಷಿಸಿಬಿಟ್ಟೆ.

ಮರುದಿನ ಬೆಳಿಗ್ಗೆಯೇ ಅಭ್ಯಾಸ ಆರಂಭವಾಯಿತು. ಬಸವರಾಜ ಕೊಟ್ಟ ಜೊತೆ ಹಾಳಾದೀತೆಂಬ ಮುಂದಾಲೋಚನೆಯಿಂದ ದೇವರ ಕೋಣೆಯ ಎರಡು ಊದಿನಕಡ್ಡಿ ತೆಗೆದುಕೊಂಡೆ. ಎದುರಿಗೆ ಒಂದು ತಟ್ಟೆ ಗಿರ್ಮಿಟ್. ಮೊದಲ ಚುರುಮುರಿ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಎರಡನೆಯದು ಚಹಾದ ಕಪ್ಪಿನಲ್ಲಿ ಬಿತ್ತು. ಮೂರನೆಯದನ್ನು ಹಟ ಹಿಡಿದು ಒತ್ತಿದಾಗ ಕಡ್ಡಿಗಳೆರಡೂ ಮುರಿದವು. ಆ ತಟ್ಟೆಯನ್ನು ಕೈಯಿಂದಲೇ ತಿಂದು ಮುಗಿಸಿದೆ. ಉಳ್ಳಾಗಡ್ಡಿಯ ಬದಲು ಗಂಧದ ರುಚಿ ಬಂತು. ತಿಂದ ಮೇಲೆ ಹೊಟ್ಟೆಯೊಳಗೆ ಪೂಜೆ ನಡೆದಂತಿತ್ತು!

ಮೊಬೈಲಿನಲ್ಲಿ ಕಡ್ಡಿ ಹಿಡಿಯುವುದನ್ನು ಕಲಿಸುವ ವಿಡಿಯೋ ಹಚ್ಚಿ ಕುಳಿತೆ. ಗಿರಿಜೆ ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಅರ್ಧ ಕಣ್ಣಿನಲ್ಲಿ ನೋಡಿದಳು. ಹಿಟ್ಟಿನ ಕೈ ಒರೆಸಿಕೊಂಡು ಬಂದು, ಚಾಪ್‌ಸ್ಟಿಕ್ ಎತ್ತಿ ಒಂದು ಶೇಂಗಾ ಹಿಡಿದು ನನ್ನ ಬಾಯಿಗೆ ಇಟ್ಟಳು. ಮೊದಲ ಯತ್ನದಲ್ಲೇ!

"ಕೆಳಗಿನ ಕಡ್ಡಿ ಹೆಬ್ಬೆಟ್ಟಿನ ಬುಡದಾಗ ಕುಂದರಬೇಕ್ರಿ, ಅದು ಅಲ್ಲಾಡಬಾರದು. ಮ್ಯಾಲಿಂದು ಪೆನ್ ಹಿಡಿದಂಗ ಹಿಡೀರಿ, ಅದೊಂದ ಅಲ್ಲಾಡಬೇಕು" ಎಂದಳು. "ನೀವು ಎರಡೂ ಕುಣಸಾಕತ್ತೀರಿ."

ಒಂದು ಸುಮ್ಮನಿರಬೇಕು, ಇನ್ನೊಂದು ಕೆಲಸ ಮಾಡಬೇಕು. ನಮ್ಮ ಸಂಸಾರ ನಡೆದಿರುವುದೇ ಈ ತತ್ವದ ಮೇಲೆ. ಅದರಲ್ಲಿ ಸುಮ್ಮನಿರುವ ಕಡ್ಡಿ ಯಾವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗುಟ್ಟು ತಿಳಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಶೇಂಗಾ ಸಿಕ್ಕಿತು, ಆಮೇಲೆ ಅವರೆಕಾಳು ಸಿಕ್ಕಿತು. ಉತ್ಸಾಹದ ಭರದಲ್ಲಿ ಚಾಪ್‌ಸ್ಟಿಕ್ಕನ್ನು ಅಂಗಡಿಗೂ ಒಯ್ದೆ. ಅಲ್ಲಿಯೇ ಎಡವಟ್ಟಾಯಿತು.

ಒಬ್ಬ ಹಿರಿಯ ರೈತರು ಕಡಲೆ ತಂದಿದ್ದರು. ನಮ್ಮಲ್ಲಿ ಮಾಲು ನೋಡುವುದೆಂದರೆ ಚೀಲದೊಳಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹರಡಿ ನೋಡುವುದು. ಅದೊಂದು ಮರ್ಯಾದೆ. ನಾನು ಎರಡು ಕಡ್ಡಿ ಇಳಿಬಿಟ್ಟು, ಒಂದೇ ಒಂದು ಕಡಲೆಯನ್ನು ಮೇಲೆತ್ತಿ, ಬಿಸಿಲಿಗೆ ಹಿಡಿದು, ಸುತ್ತಲಿನವರು ಮೆಚ್ಚಲಿ ಎಂದು ಕಾಯ್ದೆ.

ರೈತರ ಮುಖ ಕೆಂಪಾಯಿತು. "ಯಾಕ್ರಿ ಸಾವಕಾರ್ರ, ನನ್ನ ಕಡ್ಲಿ ಕೈಲೆ ಮುಟ್ಟಾಕ ನಿಮಗ ಹೇಸಿಕಿ ಆಕೈತೇನು?"

ನಾನು ಕೈಮುಗಿಯಲು ಹೋದೆ. ಕೈಯಲ್ಲಿ ಕಡ್ಡಿಗಳಿದ್ದವು. ಅವುಗಳ ತುದಿಯಲ್ಲಿದ್ದ ಕಡಲೆ ಸಿಡಿದು ನೇರವಾಗಿ ಅವರ ಹಣೆಗೇ ಬಡಿಯಿತು! ಆ ಮಾಲು ಪಕ್ಕದ ಅಂಗಡಿಗೆ ಹೋಯಿತು. ಅಷ್ಟೇ ಅಲ್ಲ, ಈ ಕಡಲೆಯಲ್ಲಿ ಅದೇನೋ ವಿಷದ ಪುಡಿ ಇದೆ, ಅದಕ್ಕೇ ನಾನು ಮುಟ್ಟಲಿಲ್ಲ ಎಂಬ ಸುದ್ದಿ ಮಧ್ಯಾಹ್ನದೊಳಗೆ ಓಣಿಯೆಲ್ಲ ಹಬ್ಬಿತು. ಸಂಜೆ ಆ ಹಿರಿಯರನ್ನು ಹುಡುಕಿಕೊಂಡು ಹೋಗಿ, ಎಲ್ಲರ ಮುಂದೆ ಅವರ ಕಡಲೆಯನ್ನು ಬೊಗಸೆ ತುಂಬ ಎತ್ತಿ, ಹಸಿಯಾಗಿಯೇ ತಿಂದು ಮರ್ಯಾದೆ ಉಳಿಸಬೇಕಾಯಿತು. ಅವರು ಕ್ಷಮಿಸಿದರು. ನನ್ನ ಹೊಟ್ಟೆ ಎರಡು ದಿನ ಕ್ಷಮಿಸಲಿಲ್ಲ.

ಆದರೂ ಭಾನುವಾರ ಬಂತು, ನಾನೂ ಎದೆ ಸೆಟೆಸಿ ಉಪ್ಪಿನಬೆಟಗೇರಿಗೆ ಹೋದೆ. ಅತ್ತೆ ಬೇಕೆಂದೇ ಶಾವಿಗೆ ಬಸಿದಿದ್ದರು. ತುಪ್ಪ ಸುರಿದ ಶಾವಿಗೆ ಎಂದರೆ ಕಡ್ಡಿಗೆ ಜಾರುಬಂಡೆ. ಬಸವರಾಜ ಎದುರು ಕುಳಿತು ಮೊಬೈಲ್ ಹಿಡಿದ. ನಾನು ಉಸಿರು ಬಿಗಿಹಿಡಿದು, ಕೆಳಗಿನ ಕಡ್ಡಿಯನ್ನು ಬುಡಕ್ಕೆ ಒತ್ತಿ, ಮೇಲಿನದನ್ನು ಇಳಿಸಿ ಎತ್ತಿದೆ. ಶಾವಿಗೆ ಬಾಯಿಗೆ ಬಂತು! ಮತ್ತೊಮ್ಮೆ, ಮಗದೊಮ್ಮೆ. ಪಲ್ಯ ಮುಗಿಯಿತು, ಅನ್ನ ಮುಗಿಯಿತು. ಕೊನೆಗೆ ಬಸವರಾಜನ ತಟ್ಟೆಯಲ್ಲಿದ್ದ ಶೇಂಗಾ ಒಂದನ್ನು ಎತ್ತಿ ಅವನ ಬಾಯಿಗೇ ಇಟ್ಟೆ. ವಿಯೆಟ್ನಾಂ ನೋಡಿ ಬಂದವನು ತೆಪ್ಪಗೆ ಅಗಿದ.

ಅತ್ತೆ ಮಾತ್ರ ಒಪ್ಪಲಿಲ್ಲ. ಒಳಗೆ ಹೋಗಿ ಅದೇ ಹಳೆಯ ಬೋಗುಣಿ ತಂದು, ನೀರಿಗೆ ಅರಿಶಿನ ಕಲಸಿ, ತಮ್ಮ ಬೆರಳಿನ ಉಂಗುರ ಬಿಚ್ಚಿ ಹಾಕಿದರು. "ಅಳಿಯಂದಿರ, ಇದನ್ನ ತಗದ್ರ ಖರೇ. ಒಂದ ಸಲಾ ಅಷ್ಟ" ಎಂದರು. ನನಗೆ ಕಡ್ಡಿ, ಗಿರಿಜೆಗೆ ಬರಿಗೈ.

ನಾನು ಕಡ್ಡಿ, ಅವಳು ಕೈ, ಇಬ್ಬರೂ ಒಟ್ಟಿಗೇ ಬೋಗುಣಿಗೆ ಇಳಿಸಿದೆವು. ಹಳದಿ ನೀರಿನಲ್ಲಿ ಏನೂ ಕಾಣದು. ಕಡ್ಡಿ ಬೋಗುಣಿಯ ತಳಕ್ಕೆ ಕಟಕಟ ಬಡಿಯುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ತುದಿಗೆ ಏನೋ ತಾಗಿತು. ಒತ್ತಿ ಹಿಡಿದು ಮೇಲೆತ್ತಿದೆ. ಉಂಗುರ! ಮನೆ ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಬಸವರಾಜ ಎದ್ದು ಬಂದು ಕಾಲು ಮುಟ್ಟಿದ. ಅಂದು ಹೋಳಿಗೆಯನ್ನು ತಲೆ ಎತ್ತಿ ತಿಂದೆ, ಒಂದಲ್ಲ, ಐದು.

ಹುಬ್ಬಳ್ಳಿಗೆ ಮರಳುವಾಗ ಧಾರವಾಡ ದಾಟುವತನಕ ಸ್ಕೂಟರಿನ ಮೇಲೆ ನನ್ನ ಮಣಿಕಟ್ಟಿನ ಮಹಿಮೆಯನ್ನೇ ವರ್ಣಿಸಿದೆ. ಗಿರಿಜೆ ಹಿಂದೆ ಕುಳಿತು ಹೂಂಗುಟ್ಟುತ್ತಿದ್ದಳು. ನವನಗರ ಬಂದಾಗ ಮೆಲ್ಲಗೆ ಬಾಯಿ ಬಿಟ್ಟಳು.

"ಉಂಗುರಾ ಮೊದಲಿಗೇ ನನಗ ಸಿಕ್ಕಿತ್ರಿ. ಮದುವಿ ದಿನಾ ನಿಮ್ಮ ಮಾರಿ ಭಾಳ ಸಣ್ಣದಾಗಿತ್ತು. ಅದು ನೆನಪಾತು. ಅದಕ್ಕ ನಿಮ್ಮ ಕಡ್ಡಿ ನಡುವ ಸಿಗಿಸಿದೆ."

ಸ್ಕೂಟರ್ ನಿಲ್ಲಿಸಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಸಣ್ಣ ಮುಖವನ್ನು ನೆನಪಿಟ್ಟುಕೊಂಡವಳು ಇವಳೊಬ್ಬಳೇ ಎಂದು ಹೊಟ್ಟೆ ತುಂಬ ಸಂತೋಷವಾಯಿತು. ಗೆದ್ದದ್ದಕ್ಕಿಂತ ಹೆಚ್ಚೇ ಆಯಿತು. ಆದರೂ ಇದನ್ನು ಬಸವರಾಜನಿಗೆ ಮಾತ್ರ ಹೇಳಬೇಡ ಎಂದು ಬೇಡಿಕೊಂಡೆ.

"ಹೇಳೂದಿಲ್ಲ" ಎಂದಳು. "ಆದ್ರ ಮನ್ಯಾಗ ತೊಗರಿಬ್ಯಾಳಿ ಹಸನ ಮಾಡೂದೈತಿ. ನಿಮ್ಮ ಕೈ ಈಗ ಛಲೋ ಕುಂತೈತಲ್ಲ."

ಅಂದಿನಿಂದ ಪ್ರತಿ ಭಾನುವಾರ ಮೊರದ ಮುಂದೆ ಕುಳಿತು, ಬೇಳೆಯೊಳಗಿನ ಹರಳನ್ನು ಒಂದೊಂದಾಗಿ ಚಾಪ್‌ಸ್ಟಿಕ್ಕಿನಿಂದ ಆರಿಸುತ್ತಿದ್ದೇನೆ. ಹಿಡಿತ ಮಾತ್ರ ಶಾಸ್ತ್ರೋಕ್ತವಾಗಿದೆ. ಕೆಳಗಿನ ಕಡ್ಡಿ ಅಲುಗಾಡುವುದಿಲ್ಲ. ಮೊರ ಖಾಲಿಯಾಗುವತನಕ ನಾನೂ ಅಲುಗಾಡುವಂತಿಲ್ಲ!